ಆ ಹಾರುವ ಹಕ್ಕಿ ಯಾವುದು? ನಮ್ಮ ಬೇಟೆ ಹಕ್ಕಿಗಳ ಪರಿಚಯ

(ಹೊಸದಾಗಿ ಹಕ್ಕಿ ನೋಡಲು ಶುರುಮಾಡಿದವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಪರದೆಯ ಮೇಲೆ ಚಿತ್ರಗಳಿದ್ದವು. ಇಲ್ಲಿ ಚಿತ್ರಗಳಿಲ್ಲದ ಕಾರಣ ವಿವರಣೆ ಸ್ವಲ್ಪ ಜಾಸ್ತಿ ಇದೆ.)

ಎಲ್ಲರಿಗೂ ನಮಸ್ಕಾರ.

1990ರ ಆಸುಪಾಸಿನಲ್ಲಿ ನಮ್ಮ ದೇಶದಲ್ಲಿ ರಣಹದ್ದುಗಳು ಎಷ್ಟಿದ್ದವು ಅಂದರೆ, ಅವುಗಳನ್ನು ಎಣಿಸಿಡಬೇಕು ಅಂತ ಹೆಚ್ಚಿನವರಿಗೆ ಅನಿಸಿರಲೇ ಇಲ್ಲ. ಊರಾಚೆ ಸತ್ತ ದನ ಬಿದ್ದರೆ ಹಿಂಡು ಹಿಂಡಾಗಿ ಇಳಿಯುತ್ತಿದ್ದವು. ಗಂಟೆಯೊಳಗೆ ಎಲುಬು ಮಾತ್ರ ಉಳಿಯುತ್ತಿತ್ತು. ಆಮೇಲೆ ಏನಾಯಿತು ನೋಡಿ. 1992ರಿಂದ 2007ರೊಳಗೆ ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದು ಶೇ. 99.9ರಷ್ಟು ಕಡಿಮೆಯಾಯಿತು. ಸಾವಿರ ಇದ್ದ ಕಡೆ ಒಂದು ಉಳಿಯಿತು. ಉದ್ದ ಕೊಕ್ಕಿನ ರಣಹದ್ದು ಸುಮಾರು ಶೇ. 97ರಷ್ಟು ಹೋಯಿತು.

ಇಷ್ಟು ದೊಡ್ಡ ಹಕ್ಕಿ, ಇಷ್ಟು ಬೇಗ ಕಾಣೆಯಾದರೂ ಬಹಳ ಜನರಿಗೆ ಗೊತ್ತಾಗಲಿಲ್ಲ. ಅದಕ್ಕೆ ಒಂದು ಕಾರಣ ತುಂಬಾ ಸರಳ. ತಲೆಯೆತ್ತಿ ನೋಡಿದರೆ ದೊಡ್ಡ ಹಕ್ಕಿಗಳು ಸುತ್ತುತ್ತಲೇ ಇದ್ದವು. ಅವು ಊರ ಹದ್ದುಗಳು. ದೊಡ್ಡದಾಗಿ, ಕಂದಾಗಿ, ಎತ್ತರದಲ್ಲಿ ಸುತ್ತುವುದೆಲ್ಲ ಒಂದೇ ಅಂತ ನೋಡಿದವರ ಕಣ್ಣಿಗೆ ಆಕಾಶ ಮೊದಲಿನಂತೆಯೇ ಇತ್ತು. ಹಾಗಾಗಿ ಇವತ್ತು ನಾನು ನಿಮ್ಮನ್ನು ಕೇಳಿಕೊಳ್ಳುವುದು ಒಂದೇ. ಇವುಗಳನ್ನು ಒಂದರಿಂದ ಒಂದನ್ನು ಬೇರೆ ಮಾಡಿ ನೋಡಲು ಕಲಿಯಿರಿ. ಭಾರತದಲ್ಲಿ ನೂರಕ್ಕೂ ಹೆಚ್ಚು ಬಗೆಯ ಬೇಟೆ ಹಕ್ಕಿಗಳಿವೆ. ಅಷ್ಟನ್ನೂ ಕಲಿಯಬೇಕಾಗಿಲ್ಲ. ಹತ್ತು ಚೆನ್ನಾಗಿ ಗೊತ್ತಾದರೆ, ಹನ್ನೊಂದನೆಯದು ಬಂದಾಗ ಇದು ಬೇರೆ ಅಂತ ನಿಮಗೇ ತಿಳಿಯುತ್ತದೆ.

ಮನೆ ಮೇಲಿನ ಹದ್ದಿನಿಂದಲೇ ಶುರು ಮಾಡೋಣ. ಬೆಂಗಳೂರಿನಂಥ ಊರಿನಲ್ಲಿ ದಿನವೂ ಕಾಣುವ ಕಂದು ಹಕ್ಕಿ ಇದು, ಇಂಗ್ಲಿಷಿನ ಬ್ಲ್ಯಾಕ್ ಕೈಟ್. ಬಾಲ ನೋಡಿ. ತುದಿ ನಡುವೆ ಒಳಕ್ಕೆ ಸರಿದು ಎರಡು ಕವಲಾಗಿರುತ್ತದೆ. ಹಾರುವಾಗ ಬಾಲವನ್ನು ಅತ್ತಿತ್ತ ತಿರುಚುತ್ತಲೇ ಇರುತ್ತದೆ, ದಿಕ್ಕು ಬದಲಿಸುವುದು ಅದರಿಂದಲೇ. ಬಾಲ ಪೂರ್ತಿ ಬಿಚ್ಚಿದಾಗ ಕವಲು ಕಾಣದೆ ತುದಿ ನೇರವಾಗಿ ಕಾಣುತ್ತದೆ. ಹೊಸಬರು ಮೋಸ ಹೋಗುವುದು ಅಲ್ಲೇ. ಒಂದು ಕ್ಷಣ ಕಾಯಿರಿ, ಬಾಲ ಮಡಚುತ್ತದೆ.

ಗರುಡನ ಬಾಲದ ತುದಿ ದುಂಡು. ಬೆಳೆದ ಗರುಡನ ತಲೆ, ಎದೆ ಬಿಳಿ, ಉಳಿದ ಮೈ ಇಟ್ಟಿಗೆ ಕೆಂಪು. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಷ್ಟೋ ಊರುಗಳಲ್ಲಿ ತೇರಿನ ಮೇಲೆ ಗರುಡ ಒಂದು ಸುತ್ತು ಹಾಕಲಿ ಅಂತ ಜನ ಕತ್ತೆತ್ತಿ ಕಾಯುತ್ತಾರೆ, ಕಂಡ ಕೂಡಲೇ ಕೈ ಮುಗಿಯುತ್ತಾರೆ. ಆದರೆ ಮರಿ ಗರುಡ ಪೂರಾ ಕಂದು. ಅದಕ್ಕೆ ಯಾರೂ ಕೈ ಮುಗಿಯುವುದಿಲ್ಲ, ಹದ್ದು ಅಂದುಕೊಂಡು ಸುಮ್ಮನಾಗುತ್ತಾರೆ. ಕರಾವಳಿಯ ಮೀನು ಇಳಿಸುವ ಬಂದರುಗಳಲ್ಲಿ ಎರಡೂ ಒಟ್ಟೊಟ್ಟಿಗೆ ಹಾರುತ್ತವೆ. ಬಾಲ ನೋಡಿ ಬೇರೆ ಮಾಡುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಬಣ್ಣವನ್ನು ಜಾಸ್ತಿ ನಂಬಬೇಡಿ ಅಂತ ನಾನು ಹೇಳುವುದು ಇದಕ್ಕೇ. ದೊಡ್ಡ ಗಿಡುಗಗಳಲ್ಲಿ, ಅಂದರೆ ಇಂಗ್ಲಿಷಿನ ಈಗಲ್‌ಗಳಲ್ಲಿ, ಮರಿಯ ಬಣ್ಣ ಒಂದು, ಎರಡನೇ ವರ್ಷದ್ದು ಇನ್ನೊಂದು. ಪೂರ್ತಿ ಬೆಳೆದ ಬಣ್ಣ ಬರಲು ನಾಲ್ಕೈದು ವರ್ಷ ಬೇಕು. ಗಾತ್ರವನ್ನೂ ನಂಬುವ ಹಾಗಿಲ್ಲ. ಬರೀ ಆಕಾಶದಲ್ಲಿ ಹೋಲಿಸಲು ಏನೂ ಇರುವುದಿಲ್ಲ, ಅಲ್ವಾ? ಅದಕ್ಕೆ ಕಾಗೆಯ ಸಹಾಯ ತೆಗೆದುಕೊಳ್ಳಿ. ಬೇಟೆ ಹಕ್ಕಿ ಕಂಡರೆ ಕಾಗೆಗಳು ಬೆನ್ನು ಹತ್ತದೆ ಬಿಡುವುದಿಲ್ಲ. ಕಾಗೆಗಿಂತ ಚಿಕ್ಕದೋ, ಹೆಚ್ಚು ಕಮ್ಮಿ ಅಷ್ಟೇ ಇದೆಯೋ, ಕಾಗೆಯೇ ಅದರ ಮುಂದೆ ಪುಟ್ಟದಾಗಿ ಕಾಣುತ್ತಿದೆಯೋ ನೋಡಿ. ಅರ್ಧ ಕೆಲಸ ಮುಗಿಯಿತು.

ಇನ್ನರ್ಧಕ್ಕೆ ರೆಕ್ಕೆ ನೋಡಬೇಕು. ಅಗಲವಾದ, ತುದಿಯಲ್ಲಿ ಗರಿಗಳು ಬೆರಳಿನಂತೆ ಬಿಡಿಬಿಡಿಯಾಗಿ ಕಾಣುವ ರೆಕ್ಕೆ ರಣಹದ್ದಿನದು, ದೊಡ್ಡ ಗಿಡುಗಗಳದ್ದು. ಅವು ರೆಕ್ಕೆ ಬಡಿದು ಮೇಲೇರುವುದಿಲ್ಲ. ಬಿಸಿಲಿಗೆ ನೆಲ ಕಾದು ಬಿಸಿಗಾಳಿ ಏಳಬೇಕು, ಅದರ ಮೇಲೆ ಸುತ್ತುತ್ತಾ ಏರುತ್ತವೆ. ಹಾಗಾಗಿ ಇವುಗಳನ್ನು ನೋಡಲು ನಸುಕಿನಲ್ಲಿ ಏಳಬೇಕಾಗಿಲ್ಲ. ಒಂಬತ್ತು, ಹತ್ತು ಗಂಟೆಯ ಮೇಲೆ ಹೋದರೆ ಒಳ್ಳೆಯದು. ಚೂಪಾದ, ಉದ್ದ ರೆಕ್ಕೆ ಚಾಣಗಳದ್ದು. ಪೆರೆಗ್ರಿನ್, ಕೆಸ್ಟ್ರೆಲ್ ಎಲ್ಲ ಈ ಗುಂಪು. ಗಿಡ್ಡ, ದುಂಡು ರೆಕ್ಕೆ ಮತ್ತು ಉದ್ದ ಬಾಲ ಇದ್ದರೆ ಅದು ಮರಗಳ ನಡುವೆ ನುಗ್ಗಿ ಬೇಟೆಯಾಡುವ ಹಕ್ಕಿ. ನಮ್ಮ ತೋಟಗಳಲ್ಲಿ, ಪಾರ್ಕುಗಳಲ್ಲಿ ಇರುವ ಶಿಕ್ರಾ ಅಂಥದ್ದು.

ಶಿಕ್ರಾ ನಿಮ್ಮ ಬೀದಿಯಲ್ಲೇ ಇದ್ದರೂ ಇರಬಹುದು. ಪಾರಿವಾಳದಷ್ಟೇ ಗಾತ್ರ. ಬೂದು ಬೆನ್ನು, ಎದೆಯ ಮೇಲೆ ನಸು ಕೆಂಪು ಅಡ್ಡಗೆರೆಗಳು. ಗಂಡಿನ ಕಣ್ಣು ಕಡು ಕೆಂಪು. ಇದ್ದಕ್ಕಿದ್ದಂತೆ ಬೀದಿಯ ಅಳಿಲು, ಮೈನಾ, ಪಿಕಳಾರ ಎಲ್ಲ ಒಟ್ಟಿಗೆ ಗಲಾಟೆ ಎಬ್ಬಿಸಿದರೆ ಹತ್ತಿರದ ದಟ್ಟ ಮರದೊಳಗೆ ಹುಡುಕಿ. ಇಲ್ಲಿ ಎರಡು ಮೋಸಗಳಿವೆ. ಕಾಜಾಣ ಶಿಕ್ರಾದ ಕೂಗನ್ನು ಹಾಗೇ ಅನುಕರಿಸುತ್ತದೆ. ಕೋಗಿಲೆ ಚಾಣ ನೋಡಲು ಥೇಟ್ ಶಿಕ್ರಾ, ಹಾರುವುದೂ ಹಾಗೇ. ಆದರೆ ಅದು ಕೋಗಿಲೆ ಜಾತಿ, ತಿನ್ನುವುದು ಹೆಚ್ಚಾಗಿ ಹುಳು. ಕೊಕ್ಕು ನೋಡಿ. ಶಿಕ್ರಾದ್ದು ಕೊಕ್ಕೆಯಂತೆ ಬಾಗಿರುತ್ತದೆ.

ಚಾಣಗಳ ಬಗ್ಗೆ ಒಂದು ವಿಷಯ. ನೋಡಲು ಗಿಡುಗಗಳ ಹತ್ತಿರದ ನೆಂಟರಂತೆ ಕಾಣುತ್ತವೆ. ಆದರೆ 2008ರಲ್ಲಿ ಬಂದ ವಂಶವಾಹಿ ಅಧ್ಯಯನ ಅವು ಗಿಳಿಗಳಿಗೆ ಹೆಚ್ಚು ಹತ್ತಿರ ಅಂತ ತೋರಿಸಿತು. ಕೊಲ್ಲುವ ರೀತಿಯೂ ಬೇರೆ. ಗಿಡುಗ ಉಗುರಿನಿಂದ ಹಿಸುಕಿ ಕೊಲ್ಲುತ್ತದೆ. ಚಾಣದ ಮೇಲ್ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಒಂದು ಮೊನೆ ಇರುತ್ತದೆ, ಅದರಿಂದ ಬೇಟೆಯ ಕತ್ತಿನ ಎಲುಬು ಮುರಿಯುತ್ತದೆ. ಪೆರೆಗ್ರಿನ್ ಎತ್ತರದಿಂದ ಎರಗುವಾಗ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ನಮ್ಮ ಬಂಡೆ ಬೆಟ್ಟಗಳಲ್ಲಿ ಅದರ ಒಂದು ಸ್ಥಳೀಯ ಬಗೆ ಇದೆ, ಹೆಸರು ಶಾಹೀನ್, ಹೊಟ್ಟೆ ತುಕ್ಕಿನ ಬಣ್ಣ.

ಎಲ್ಲ ಬೇಟೆ ಹಕ್ಕಿಗಳಲ್ಲಿ ನನಗೆ ಅತಿ ಇಷ್ಟವಾದದ್ದು ಪಶ್ಚಿಮ ಘಟ್ಟದ ಕಪ್ಪು ಗಿಡುಗ. ಅದು ಹಾರುವುದನ್ನು ಒಮ್ಮೆ ನೋಡಿದರೆ ಸಾಕು. ಕಾಡಿನ ನೆತ್ತಿಗೆ ತಾಗುವಷ್ಟು ಕೆಳಗೆ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ, ಒಂದು ಸಲವೂ ಬಡಿಯದೆ, ನಿಂತೇ ಹೋಯಿತೇನೋ ಅನ್ನುವಷ್ಟು ನಿಧಾನವಾಗಿ ತೇಲುತ್ತದೆ. ಬೇರೆ ಬೇಟೆ ಹಕ್ಕಿಗಳಿಗೆ ವೇಗ ಬೇಕು. ಇದಕ್ಕೆ ನಿಧಾನವೇ ಬೇಕು, ಯಾಕೆಂದರೆ ಇದು ಹುಡುಕುವುದು ಗೂಡುಗಳನ್ನು. ಎಲೆಗಳ ನಡುವೆ ಗೂಡು ಕಂಡರೆ ಮೊಟ್ಟೆ, ಮರಿ ಸಮೇತ ಗೂಡನ್ನೇ ಕಿತ್ತು ಹಿಡಿದುಕೊಂಡು ಹೋಗುತ್ತದೆ. ಅದರ ಕಾಲೂ ಈ ಕೆಲಸಕ್ಕೆ ತಕ್ಕಂತೆ ಇದೆ. ಹೊರಬೆರಳು ತೀರಾ ಗಿಡ್ಡ, ಉಗುರುಗಳು ಉದ್ದ ಮತ್ತು ಬೇರೆ ಗಿಡುಗಗಳಷ್ಟು ಬಾಗಿಲ್ಲ. ಕಾಡು ಕಡಿದು ನೆತ್ತಿ ತುಂಡಾದ ಕಡೆ ಈ ಹಕ್ಕಿಗೆ ಕೆಲಸವಿಲ್ಲ. ಆಗುಂಬೆ, ಕೊಡಗು, ಕುದುರೆಮುಖದ ಕಡೆ ಹೋದಾಗ ರಸ್ತೆ ತಿರುವಿನಲ್ಲಿ ನಿಂತು ಕೆಳಗಿನ ಕಣಿವೆಯ ಕಡೆ ನೋಡಿ. ಇದು ಎಷ್ಟೋ ಸಲ ನಮಗಿಂತ ಕೆಳಗೆ ಹಾರುತ್ತಿರುತ್ತದೆ.

ಅದೇ ಕಾಡಿನ ಅಂಚಿನಲ್ಲಿ ಪನ್ನಗಾರಿ ಇರುತ್ತದೆ. ನಾಗರಹೊಳೆ, ಬಂಡೀಪುರಕ್ಕೆ ಸಫಾರಿಗೆ ಹೋದವರು ಇದನ್ನು ನೋಡಿಯೇ ಇರುತ್ತೀರಿ. ರಸ್ತೆ ಬದಿಯ ಮರದ ಮೇಲೆ ಗಂಟೆಗಟ್ಟಲೆ ಕದಲದೆ ಕೂರುತ್ತದೆ. ಹಳದಿ ಮುಖ, ತಲೆ ಹಿಂದೆ ಕಪ್ಪು ಬಿಳುಪಿನ ಜುಟ್ಟು. ಮೇಲೆ ಹಾರುವಾಗ ರೆಕ್ಕೆಯ ಹಿಂದಿನ ಅಂಚಿನ ಹತ್ತಿರ ದಪ್ಪ ಬಿಳಿ ಪಟ್ಟಿ ಕಾಣುತ್ತದೆ. ಶಿಳ್ಳೆ ಹಾಕಿದಂಥ ಕೂಗು ಬಹಳ ದೂರ ಕೇಳುತ್ತದೆ. ಹಾವನ್ನು ತಿನ್ನುತ್ತದೆ ಅಂದ ಮಾತ್ರಕ್ಕೆ ಹಾವಿನ ವಿಷ ಇದಕ್ಕೆ ತಾಗುವುದಿಲ್ಲ ಅಂದುಕೊಳ್ಳಬೇಡಿ. ಕಾಲಿನ ಮೇಲೆ ಗಟ್ಟಿ ಹುರುಪೆಗಳಿವೆ, ಕಚ್ಚಲು ಬಂದರೆ ಉಬ್ಬಿಸಿದ ಗರಿಗಳು ಅಡ್ಡ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಹಾವು ತಿರುಗುವ ಮೊದಲೇ ತಲೆ ಇದರ ಉಗುರಿನಲ್ಲಿರುತ್ತದೆ.

ಕಣ್ಣಿನ ವಿಷಯಕ್ಕೆ ಬರೋಣ. ಹದ್ದಿನ ಕಣ್ಣು ಅಂತ ನಾವೆಲ್ಲ ಹೇಳುತ್ತೇವೆ. ನಮಗಿಂತ ಎಂಟು ಪಟ್ಟು ಚೆನ್ನಾಗಿ ಕಾಣುತ್ತದೆ ಅಂತ ಕೆಲವು ಕಡೆ ಬರೆದಿರುತ್ತಾರೆ, ಅದು ಉತ್ಪ್ರೇಕ್ಷೆ. ಅಳತೆ ಮಾಡಿದಾಗ ದೊಡ್ಡ ಗಿಡುಗಗಳ ಕಣ್ಣು ನಮ್ಮದಕ್ಕಿಂತ ಎರಡು, ಎರಡೂವರೆ ಪಟ್ಟು ಸೂಕ್ಷ್ಮ ಅಂತ ಗೊತ್ತಾಗಿದೆ. ಅದೇನು ಸಣ್ಣದಲ್ಲ. ಮೈ ತೂಕ ಮೂರ್ನಾಲ್ಕು ಕಿಲೋ ಇರುವ ಹಕ್ಕಿಗೆ ನಮ್ಮ ಕಣ್ಣಿನಷ್ಟೇ ದೊಡ್ಡ, ಕೆಲವದರಲ್ಲಿ ಅದಕ್ಕಿಂತ ದೊಡ್ಡ ಕಣ್ಣಿದೆ. ಅತಿ ಸ್ಪಷ್ಟವಾಗಿ ಕಾಣುವ ಬಿಂದು ನಮಗೆ ಒಂದೊಂದು ಕಣ್ಣಿನಲ್ಲಿ ಒಂದಿದ್ದರೆ ಇವಕ್ಕೆ ಎರಡಿವೆ, ಒಂದು ನೇರ ಮುಂದಕ್ಕೆ, ಇನ್ನೊಂದು ಪಕ್ಕಕ್ಕೆ. ಆದರೆ ಕಣ್ಣು ಗುಳಿಯಲ್ಲಿ ಹೆಚ್ಚು ಹೊರಳುವುದಿಲ್ಲ. ಅದಕ್ಕೇ ತಲೆಯನ್ನು ಅಷ್ಟು ತಿರುಗಿಸುವುದು. ಹುಬ್ಬಿನ ಜಾಗದ ಎಲುಬು ಮುಂದಕ್ಕೆ ಚಾಚಿರುವುದರಿಂದ ಸದಾ ಸಿಟ್ಟಿನಲ್ಲಿರುವಂತೆ ಕಾಣುತ್ತದೆ. ಗೂಬೆಗಳದ್ದು ಇನ್ನೊಂದು ದೊಡ್ಡ ಕಥೆ. ಕಣಜದ ಗೂಬೆಯ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ, ಆ ವ್ಯತ್ಯಾಸದಿಂದಲೇ ಕತ್ತಲಲ್ಲಿ ಇಲಿ ಎಲ್ಲಿದೆ ಅಂತ ಸದ್ದು ಕೇಳಿ ಹಿಡಿಯುತ್ತದೆ ಅನ್ನುವಷ್ಟು ಮಾತ್ರ ಇವತ್ತು ಹೇಳುತ್ತೇನೆ.

ಇನ್ನೊಂದು ಸಂಗತಿ ಹೊಸಬರಿಗೆ ಅಚ್ಚರಿ ತರುತ್ತದೆ. ಬೇಟೆ ಹಕ್ಕಿಗಳಲ್ಲಿ ಹೆಚ್ಚಿನವದರಲ್ಲಿ ಹೆಣ್ಣೇ ಗಂಡಿಗಿಂತ ದೊಡ್ಡದು. ಜೋಡಿ ಒಟ್ಟಿಗೆ ಹಾರುವಾಗ ದೊಡ್ಡದನ್ನು ಗಂಡು ಅಂದುಕೊಳ್ಳಬೇಡಿ.

ಈಗ ಬಯಲಿಗೆ ಹೋಗೋಣ. ಗದ್ದೆ, ಹೊಲದ ಕಡೆ ತಂತಿಯ ಮೇಲೆ ಕೂತ ಬೂದು ಬಿಳಿ ಹಕ್ಕಿ, ಹೆಗಲು ಕಪ್ಪು, ಕಣ್ಣು ಕೆಂಪು, ಬಾಲ ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಇದು ಬ್ಲ್ಯಾಕ್ ವಿಂಗ್ಡ್ ಕೈಟ್. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ಕೆಳಗೆ ಇಲಿ ಹುಡುಕುತ್ತದೆ. ರೈತರು ಇದಕ್ಕೆ ಕೂರಲು ಹೊಲದಲ್ಲಿ ಒಂದೆರಡು ಗಳ ನೆಟ್ಟರೆ ಚೆನ್ನ.

ಚಳಿಗಾಲದಲ್ಲಿ ಹುಲ್ಲುಗಾವಲಿಗೆ ಹೋದರೆ ಹ್ಯಾರಿಯರ್‌ಗಳು ಸಿಗುತ್ತವೆ. ಸಣಕಲು ಮೈ, ಉದ್ದ ರೆಕ್ಕೆ, ಉದ್ದ ಬಾಲ. ಹುಲ್ಲಿನ ಮೇಲೆ ಆಳೆತ್ತರದಲ್ಲಿ, ರೆಕ್ಕೆಯನ್ನು ಮೇಲಕ್ಕೆ ಹಿಡಿದು, ಅತ್ತಿತ್ತ ವಾಲುತ್ತಾ ಹೋಗುತ್ತವೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟ ಹುಲ್ಲುಗಾವಲಿಗೂ ಬರುತ್ತವೆ. ಮೊಂಟಾಗು ಹ್ಯಾರಿಯರ್‌ಗಳಿಗೆ ಉಪಗ್ರಹ ಟ್ಯಾಗ್ ಹಾಕಿ ನೋಡಿದಾಗ ಅವು ಕಜಕಿಸ್ತಾನದವರೆಗೆ ಹೋಗಿ ಬರುತ್ತವೆ ಅಂತ ತಿಳಿಯಿತು. ಇಲ್ಲಿ ಅವು ಮಿಡತೆಗಳನ್ನು ವಿಪರೀತ ತಿನ್ನುತ್ತವೆ. ಸಂಜೆಯಾದರೆ ಮರ ಹುಡುಕುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಈ ಹುಲ್ಲುಗಾವಲುಗಳನ್ನು ನಮ್ಮ ಕಡತಗಳು ಬೀಳು ಭೂಮಿ ಅಂತ ಬರೆಯುತ್ತವೆ. ಒಳ್ಳೆಯ ಮನಸ್ಸಿನಿಂದಲೇ ಜನ ಅಲ್ಲಿ ಗಿಡ ನೆಡುತ್ತಾರೆ. ಆದರೆ ಹುಲ್ಲುಗಾವಲಿನಲ್ಲಿ ಗಿಡ ನೆಟ್ಟು ನೆರಳು ಮಾಡಿದರೆ ಹುಲ್ಲು ಹೋಗುತ್ತದೆ, ಮಿಡತೆ ಹೋಗುತ್ತದೆ, ಸಾವಿರಾರು ಕಿಲೋಮೀಟರ್ ದೂರದಿಂದ ಬಂದ ಹಕ್ಕಿಗೆ ಇಳಿಯಲು ಜಾಗವೇ ಇರುವುದಿಲ್ಲ. ದಯವಿಟ್ಟು ಹುಲ್ಲುಗಾವಲಿನಲ್ಲಿ ಗಿಡ ನೆಡಬೇಡಿ. ನೆಡುವವರು ನಿಮಗೆ ಗೊತ್ತಿದ್ದರೆ ಅವರ ಜೊತೆ ಕೂತು ಮಾತಾಡಿ.

ಮತ್ತೆ ರಣಹದ್ದಿಗೆ ಬರುತ್ತೇನೆ. ಅವು ಯಾಕೆ ಸತ್ತವು ಅನ್ನುವುದು ಎಲ್ಲರಿಗೂ ಗೊತ್ತಿರಬೇಕು.

ರಾಜಸ್ಥಾನದ ಭರತಪುರದಲ್ಲಿ ಹಕ್ಕಿಗಳನ್ನು ಎಣಿಸುತ್ತಿದ್ದ ವಿಭು ಪ್ರಕಾಶ್ ಅವರು 1990ರ ದಶಕದಲ್ಲಿ ಗೂಡುಗಳು ಖಾಲಿಯಾಗುತ್ತಿರುವುದನ್ನು ಮೊದಲು ಗಮನಿಸಿದರು. ಹಳೆಯ ಎಣಿಕೆ ಅವರ ಹತ್ತಿರ ಇತ್ತು, ಅದಕ್ಕೇ ಗೊತ್ತಾಯಿತು. ಹಕ್ಕಿಗಳು ಕತ್ತು ಜೋತು ಬಿಟ್ಟು ಕೂರುತ್ತಿದ್ದವು, ಆಮೇಲೆ ಕೊಂಬೆಯಿಂದ ಸತ್ತು ಬೀಳುತ್ತಿದ್ದವು. ಮೊದಲು ಎಲ್ಲರೂ ರೋಗ ಅಂದುಕೊಂಡರು. 2004ರಲ್ಲಿ ಅಮೆರಿಕದ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಜೊತೆಗಾರರು ಪಾಕಿಸ್ತಾನದಲ್ಲಿ ಮಾಡಿದ ಸಂಶೋಧನೆಯಿಂದ ಕಾರಣ ಹೊರಬಿತ್ತು. ಅದು ಡೈಕ್ಲೋಫೆನಾಕ್, ನೋವು ಕಡಿಮೆ ಮಾಡುವ ಔಷಧ. ದನಕ್ಕೆ ಕುಂಟು, ಬಾವು ಬಂದರೆ ಕೊಡುತ್ತಿದ್ದ ಅಗ್ಗದ ಸೂಜಿಮದ್ದು. ಮದ್ದು ಪಡೆದ ದನ ಬೇಗನೆ ಸತ್ತು, ಅದರ ಮಾಂಸವನ್ನು ರಣಹದ್ದು ತಿಂದರೆ ಅದರ ಮೂತ್ರಪಿಂಡ ಕೆಡುತ್ತದೆ. ಯೂರಿಕ್ ಆಮ್ಲ ಹೊರಹೋಗದೆ ಒಳಗಿನ ಅಂಗಗಳ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಕೆಲವೇ ದಿನಗಳಲ್ಲಿ ಸಾವು.

ಇಷ್ಟು ಹಕ್ಕಿ ಸಾಯಬೇಕಾದರೆ ಎಲ್ಲ ದನದಲ್ಲೂ ಮದ್ದು ಇರಬೇಕಲ್ಲ ಅಂತ ನೀವು ಕೇಳಬಹುದು. ಇಲ್ಲ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಇದ್ದರೂ ಸಾಕು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಯಾಕೆಂದರೆ ಒಂದೇ ಹೆಣದ ಮೇಲೆ ನೂರಾರು ರಣಹದ್ದು ಇಳಿಯುತ್ತವೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸಾಯುವ ವೇಗಕ್ಕೆ ಹುಟ್ಟುವ ವೇಗ ಸಾಟಿಯಾಗಲೇ ಇಲ್ಲ.

ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿಯನ್ನೇ ದನಕ್ಕೆ ಬಳಸುತ್ತಿದ್ದರಿಂದ 2015ರಲ್ಲಿ ಬಾಟಲಿಯ ಗಾತ್ರವನ್ನು 3 ಮಿ.ಲೀ.ಗೆ ಇಳಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ನಿಷೇಧವಾದವು. ದನ ಸಾಕಿದವರು ಇಲ್ಲಿದ್ದರೆ ಒಂದು ಹೆಸರು ಬರೆದುಕೊಳ್ಳಿ: ಮೆಲಾಕ್ಸಿಕಾಮ್. ರಣಹದ್ದಿಗೆ ಅಪಾಯವಿಲ್ಲ ಅಂತ ಪರೀಕ್ಷೆಯಾಗಿರುವ ನೋವಿನ ಔಷಧ ಅದು. ಪಶುವೈದ್ಯರನ್ನು ಅದನ್ನೇ ಕೊಡಿ ಅಂತ ಕೇಳಬಹುದು.

ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದರು. ಸುಮಾರು 346 ಹೆಕ್ಟೇರ್ ಜಾಗ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟಲು ಅಂಥ ಕಡಿದಾದ ಬಂಡೆಯೇ ಬೇಕು. ಈಗ ಅಲ್ಲಿ ಉಳಿದಿರುವುದು ಕೆಲವೇ ಕೆಲವು. ಬಿಳಿ ಬೆನ್ನಿನದು ಮರದ ಮೇಲೆ ಗೂಡು ಕಟ್ಟುತ್ತದೆ. ಅದನ್ನು ನೋಡಬೇಕಾದರೆ ಬಂಡೀಪುರ, ಮುದುಮಲೆ, ಮೋಯಾರ್ ಕಣಿವೆಯ ಕಡೆ ಹೋಗಬೇಕು. ಕೆಂಪು ತಲೆಯ ರಣಹದ್ದೂ ಅಲ್ಲೇ ಸಿಗಬಹುದು. ಹುಲಿ ಬಿಟ್ಟುಹೋದ ಬೇಟೆ ಇವುಗಳ ಊಟ. ದನ ಕೊಂದ ಹುಲಿ, ಚಿರತೆ ಮೇಲಿನ ಸಿಟ್ಟಿಗೆ ಹೆಣಕ್ಕೆ ವಿಷ ಹಾಕಿದರೆ ಮೊದಲು ಸಾಯುವುದು ಇವೇ.

ಬರೀ ದುಃಖದ ಸುದ್ದಿ ಹೇಳಿ ಕಳಿಸುವ ಮನಸ್ಸಿಲ್ಲ. ಅಮೂರ್ ಫಾಲ್ಕನ್ ಅಂತ ಒಂದು ಪುಟ್ಟ ಚಾಣ. ತೂಕ ಸುಮಾರು 150 ಗ್ರಾಂ. ಪೂರ್ವ ರಷ್ಯಾ, ಉತ್ತರ ಚೀನಾದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಆಫ್ರಿಕಾದ ದಕ್ಷಿಣ ಭಾಗಕ್ಕೆ ಹೋಗುತ್ತದೆ. ದಾರಿಯಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಹತ್ತಿರ ಅಕ್ಟೋಬರ್, ನವೆಂಬರ್‌ನಲ್ಲಿ ಲಕ್ಷಾಂತರ ಇಳಿಯುತ್ತವೆ. 2012ರಲ್ಲಿ ಅಲ್ಲಿ ಮೀನಿನ ಬಲೆ ಕಟ್ಟಿ ಒಂದೇ ಹಂಗಾಮಿನಲ್ಲಿ ಲಕ್ಷಕ್ಕೂ ಹೆಚ್ಚು ಹಕ್ಕಿ ಹಿಡಿದರು ಅಂತ ಅಂದಾಜು. ಆ ಚಿತ್ರಗಳು ಹೊರಬಂದ ಮೇಲೆ ಊರಿನವರು, ಚರ್ಚು, ಸರ್ಕಾರ, ವನ್ಯಜೀವಿ ಕೆಲಸಗಾರರು ಕೂತು ಮಾತಾಡಿದರು. 2013ರಲ್ಲಿ ಊರುಗಳೇ ಬೇಟೆ ನಿಲ್ಲಿಸಿದವು. ಆ ವರ್ಷ ಟ್ಯಾಗ್ ಹಾಕಿದ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಾಂಗ್ಟಿ ಅಂತ ಹೆಸರಿಟ್ಟರು. ಪಾಂಗ್ಟಿ ಅಂದರೆ ಅತಿ ಹೆಚ್ಚು ಬೇಟೆ ನಡೆದಿದ್ದ ಊರುಗಳಲ್ಲೊಂದು. ಭಾರತ ದಾಟಿ, ಅರಬ್ಬಿ ಸಮುದ್ರದ ಮೇಲೆ ಎಲ್ಲೂ ಇಳಿಯದೆ ಅವು ಆಫ್ರಿಕಾ ಸೇರುವುದನ್ನು ಆ ಊರಿನವರು ದಿನದಿನ ಕೇಳಿ ತಿಳಿಯುತ್ತಿದ್ದರು. ಕಾನೂನು ಮೊದಲೂ ಇತ್ತು. ಹಕ್ಕಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ತಿಳಿದ ಮೇಲೆ ಆದ ಬದಲಾವಣೆಯೇ ಬೇರೆ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಬರೆಯುತ್ತೇನೆ.

ಹದ್ದು ಸಣ್ಣ ಮಗುವನ್ನು ಎತ್ತಿಕೊಂಡು ಹೋಗುತ್ತದಾ ಅಂತ ಒಬ್ಬ ತಾಯಿ ಕೇಳಿದರು. ಇಲ್ಲಮ್ಮ. ನಮ್ಮ ಊರ ಹದ್ದಿನ ತೂಕ ಒಂದು ಕಿಲೋ ಕೂಡ ಇರುವುದಿಲ್ಲ. ಕೈಯಲ್ಲಿರುವ ತಿಂಡಿ ಕಸಿಯಲು ಎರಗಬಹುದು, ಗೂಡಿನ ಹತ್ತಿರ ಹೋದರೆ ತಲೆಗೆ ಕುಕ್ಕಬಹುದು. ಮರಿ ಹಾರುವವರೆಗೆ ಟೆರೇಸಿಗೆ ಹೋಗುವಾಗ ಕೊಡೆ ಹಿಡಿದರೆ ಸಾಕು.

ಕೋಳಿಮರಿಗಳನ್ನು ಗಿಡುಗ ಒಯ್ಯುತ್ತದೆ, ಏನು ಮಾಡಲಿ ಅಂತ ಇನ್ನೊಬ್ಬರದು. ನಷ್ಟ ನಿಜ, ಸಿಟ್ಟೂ ನ್ಯಾಯವೇ. ಮರಿಗಳು ದೊಡ್ಡವಾಗುವವರೆಗೆ ಮೇಲೆ ಬಲೆ ಹಾಕಿದ ಜಾಗದಲ್ಲಿ ಬಿಡಿ. ವಿಷ, ಉರುಲು ಬೇಡ. ಈ ಹಕ್ಕಿಗಳನ್ನು ಹಿಡಿಯುವುದು, ಕೊಲ್ಲುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಗಾಳಿಪಟದ ದಾರಕ್ಕೆ ಸಿಕ್ಕ ಹದ್ದನ್ನು ಬಿಡಿಸುವುದು ಹೇಗೆ? ಗಾಜಿನ ಪುಡಿ ಹಚ್ಚಿದ ಮಾಂಜಾ ರೆಕ್ಕೆಯ ಎಲುಬಿನವರೆಗೂ ಕೊಯ್ಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ, ಆದರೂ ಮಾರಾಟ ನಿಂತಿಲ್ಲ. ಹಕ್ಕಿಯ ಮೈಗೆ ಸುತ್ತಿದ ದಾರವನ್ನು ಎಳೆಯಬೇಡಿ, ಎಳೆದಷ್ಟೂ ಒಳಗೆ ಹೋಗುತ್ತದೆ. ಹಕ್ಕಿಯಿಂದ ಒಂದಡಿ ದೂರದಲ್ಲಿ ದಾರ ಕತ್ತರಿಸಿ. ಹಕ್ಕಿಯ ಮೇಲೆ ದಪ್ಪ ಟವೆಲ್ ಹಾಕಿ ಎರಡೂ ಕೈಯಿಂದ ಎತ್ತಿ. ಕೊಕ್ಕಿಗಿಂತ ಕಾಲಿನ ಉಗುರು ಅಪಾಯ, ಕಾಲುಗಳನ್ನು ಟವೆಲ್ ಸಮೇತ ಹಿಡಿಯಿರಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹಾಕಿ ಮುಚ್ಚಿ. ಕತ್ತಲಲ್ಲಿ ಅದು ಶಾಂತವಾಗುತ್ತದೆ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯಬಹುದು. ಹಾಲು, ಬ್ರೆಡ್, ಅನ್ನ ಏನೂ ಬೇಡ. ಅರಣ್ಯ ಇಲಾಖೆಗೋ ಹತ್ತಿರದ ವನ್ಯಜೀವಿ ರಕ್ಷಣಾ ಕೇಂದ್ರಕ್ಕೋ ಫೋನ್ ಮಾಡಿ, ಸಿಕ್ಕ ಜಾಗವನ್ನು ಸರಿಯಾಗಿ ಹೇಳಿ. ವಾಸಿಯಾದ ಮೇಲೆ ಅದನ್ನು ಬಿಡುವುದು ಅದೇ ಜಾಗದಲ್ಲಿ.